ಜಗಳೂರಿನ ಒಂಬತ್ತು ಕಂಪ್ಯೂಟರ್

ಫೆಬ್ರವರಿ 2, ಸೋಮವಾರ

ಸಂಜೆ ಆರೂ ಮುಕ್ಕಾಲು. ಇವತ್ತು ತಮ್ಮ ಸಿದ್ದುವಿನ ಕೆಲಸ ನನಗೆ ಬಂತು. ಬಂತು ಅನ್ನುವುದಕ್ಕಿಂತ ನಾನೇ ಕೇಳಿ ತೆಗೆದುಕೊಂಡೆ.

ಬೆಳಿಗ್ಗೆ ಕಾರ್ಯದರ್ಶಿ ಗುರುಬಸವರಾಜ್ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಹಳೆಯ ವಿಂಡೋಸ್‌ಗೆ ಅವಧಿ ಮುಗಿದಿದೆಯಂತೆ. ಮಾರ್ಚ್ ಮುಗಿಯುವುದರೊಳಗೆ ನಮ್ಮ ಸಹಕಾರ ಸಂಘದ ಎಲ್ಲ ಶಾಖೆಯಲ್ಲೂ ಹೊಸ ಕಂಪ್ಯೂಟರ್ ನಡೆಯಬೇಕೆಂದು ಆಡಿಟ್‌ನವರು ಬರೆದಿದ್ದಾರೆ. ನ್ಯಾಮತಿಯ ಆರು, ಜಗಳೂರಿನ ಒಂಬತ್ತು ಕಂಪ್ಯೂಟರ್ ಹೋದ ವರ್ಷದಿಂದ ಡಬ್ಬದಲ್ಲೇ ಕೂತಿವೆ.

"ಶಿವಮೊಗ್ಗದಿಂದ ಯಾರನ್ನಾದ್ರೂ ಕರೆಸ್ಬೇಕು" ಎಂದರು.

"ನಾನು ಮಾಡ್ತೀನಿ ಸಾರ್" ಎಂದೆ.

ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀನಾ? ಡಿಪ್ಲೊಮಾ ಮಾಡಿದ ನಿನ್ನ ತಮ್ಮನ ಕೈಲೇ ಆಗ್ಲಿಲ್ಲ ಅದು."

ಎಲ್ಲರೂ ನೆಲ ನೋಡಿದರು. ನಾನು ಅವರ ಮುಖವನ್ನೇ ನೋಡಿದೆ.

ಸಿದ್ದು ಹೋಗಿ ಏಳು ತಿಂಗಳಾಗುತ್ತ ಬಂತು. ಈ ಕಂಪ್ಯೂಟರ್‌ಗಳು ನಡೆಯಲಿಲ್ಲವೆಂದು ಜುಲೈ ಎಂಟರಂದು ಅವನಿಗೆ ಮೆಮೊ ಕೊಟ್ಟರು. 'ಕರ್ತವ್ಯದಲ್ಲಿ ನಿರ್ಲಕ್ಷ್ಯ ಹಾಗೂ ಅಸಮರ್ಥತೆ.' ಅದನ್ನು ಟೈಪ್ ಮಾಡಿದವಳು ನಾನೇ. ಈ ಕಚೇರಿಯಲ್ಲಿ ಎಲ್ಲ ಮೆಮೊ ನನ್ನ ಕೈಯಿಂದಲೇ ಹೋಗುತ್ತದೆ. ಮಾರನೆಯ ಬೆಳಿಗ್ಗೆ ಅವನು ಬೈಕ್ ಹತ್ತಿ ಜಗಳೂರಿಗೆ ಹೊರಟ. ಸಂತೇಬೆನ್ನೂರು ದಾಟಿದ ಮೇಲೆ ಇಟ್ಟಿಗೆ ಟ್ರ್ಯಾಕ್ಟರ್ ಅಡ್ಡ ತಿರುಗಿತು. ಆಸ್ಪತ್ರೆಯವರು ವಾಪಸ್ ಕೊಟ್ಟ ಅವನ ಷರ್ಟಿನ ಜೇಬಿನಲ್ಲಿ ಮೆಮೊ ಹಾಗೇ ಇತ್ತು.

ನನಗೆ ಬೇಕಾದದ್ದು ಒಂದೇ. ಅವನ ಹೆಸರಿನ ಆ ಕಾಗದ ಸಂಘದ ಫೈಲಿನಿಂದ ರದ್ದಾಗಬೇಕು. ತಪ್ಪು ಯಾರದೆಂದು ನಿರ್ದೇಶಕರೆಲ್ಲರ ಎದುರಿಗೆ ಗೊತ್ತಾಗಬೇಕು. ಗುರುಬಸವರಾಜ್ ಎದ್ದು ನಿಂತು ಅದನ್ನು ಕೇಳಿಸಿಕೊಳ್ಳಬೇಕು.

ನಾಡಿದ್ದು ನ್ಯಾಮತಿಗೆ ಹೋಗಬೇಕು.

ಫೆಬ್ರವರಿ 4, ಬುಧವಾರ

ಸಂಜೆ ಏಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಹೋಗಿ ಬಂದೆ. ಅಲ್ಲಿನ ಗುಮಾಸ್ತೆ ಚೈತ್ರಶ್ರೀ ಬಿ.ಸಿ.ಎ. ಓದಿದವಳು, ಒಳ್ಳೆಯ ಹುಡುಗಿ. "ಪುಷ್ಪಕ್ಕಾ, ನೀವೊಬ್ರೇ ಯಾಕೆ ಹೊತ್ಕೊಂಡ್ರಿ, ಕೊಡ್ರಿ ಇಲ್ಲಿ" ಎಂದು ಬ್ಯಾಗ್ ಕಸಿದುಕೊಂಡಳು. ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಕೊಟ್ಟಳು.

ಸಿದ್ದು ಮಾಡಿಟ್ಟ ಪೆನ್‌ಡ್ರೈವ್ ಒಂದಿದೆ. ಅದನ್ನು ಹೊಸ ಕಂಪ್ಯೂಟರಿಗೆ ಹಾಕಿ ಸ್ವಿಚ್ ಒತ್ತಿದರೆ ಸಾಕು. ಅದು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಅವನು ಒಂದು ಫೈಲಿನಲ್ಲಿ ಮೊದಲೇ ಬರೆದಿಟ್ಟಿದ್ದಾನೆ. ಯಾವ ಭಾಷೆ, ಯಾವ ಶಾಖೆ, ಕಂಪ್ಯೂಟರಿನ ಹೆಸರೇನು, ಎಲ್ಲ. ಮುಕ್ಕಾಲು ಗಂಟೆಯಲ್ಲಿ ಯಾರೂ ಮುಟ್ಟದೆ ವಿಂಡೋಸ್ ತಾನೇ ತುಂಬಿಕೊಳ್ಳುತ್ತದೆ. ಕೊನೆಯ ಹೆಜ್ಜೆ ಡೊಮೇನ್‌ಗೆ ಸೇರುವುದು. ಅಂದರೆ ಚನ್ನಗಿರಿಯ ಮುಖ್ಯ ಕಚೇರಿಯ ಸರ್ವರ್ ಆ ಕಂಪ್ಯೂಟರನ್ನು ತನ್ನ ಮನೆಯದೆಂದು ಒಪ್ಪಿಕೊಳ್ಳುವುದು. ಒಪ್ಪದಿದ್ದರೆ ಶಾಖೆಯವರು ತಮ್ಮ ಹೆಸರು ಹಾಕಿ ಒಳಗೆ ಹೋಗಲಾಗದು.

ಎಲ್ಲ ಆಯಿತು, ಕೊನೆಯ ಹೆಜ್ಜೆ ಆಗಲಿಲ್ಲ. ಏನು ತಪ್ಪೆಂದೂ ಹೇಳಲಿಲ್ಲ, ಸುಮ್ಮನೆ ಅದನ್ನು ಬಿಟ್ಟು ಮುಂದೆ ಹೋಗಿ ನಿಂತಿತು. ಕೈಯಿಂದ ಸೇರಿಸಲು ನೋಡಿದೆ. 'ಅನುಮತಿ ಇಲ್ಲ' ಎಂದಷ್ಟೇ ಬಂತು.

ಮಾನಿಟರಿನ ಹಿಂದೆ ಸಿದ್ದು ಅಂಟಿಸಿದ ಚೀಟಿ ಇತ್ತು, 'ನ್ಯಾಮತಿ 3' ಎಂದು. ಮೂರನ್ನು ಅವನು ಕೊನೆಯಲ್ಲಿ ಬಾಲ ಎಳೆದು ಬರೆಯುತ್ತಿದ್ದ. ಅದನ್ನು ಕೀಳಲಿಲ್ಲ.

ಫೆಬ್ರವರಿ 5, ಗುರುವಾರ

ಕೇಬಲ್ ಬದಲಿಸಿದರೂ ಆಗಲಿಲ್ಲ ಎಂದು ಚೈತ್ರಶ್ರೀ ಫೋನ್ ಮಾಡಿದಳು. ಗುರುಬಸವರಾಜ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ನಕ್ಕರೋ ಇಲ್ಲವೋ ಗೊತ್ತಿಲ್ಲ. ನಕ್ಕರೆಂದೇ ಇಟ್ಟುಕೊಂಡಿದ್ದೇನೆ.

ಫೆಬ್ರವರಿ 9, ಸೋಮವಾರ

ಸಂಜೆ ಏಳೂವರೆ. ಜಗಳೂರಿಗೆ ಹೋಗಿ ಬಂದೆ. ಅವನು ಹೋದ ದಾರಿಯಲ್ಲೇ ಬಸ್ಸು ಹೋಗುತ್ತದೆ. ಸಂತೇಬೆನ್ನೂರು ಬಂದಾಗ ಕಿಟಕಿಯ ಪಕ್ಕ ಇದ್ದವಳು ಒಳಗಿನ ಸೀಟಿಗೆ ಸರಿದು ಕೂತೆ.

ಜಗಳೂರಿನ ಅಟೆಂಡರ್ ಮಾರಪ್ಪ ಒಂಬತ್ತು ಡಬ್ಬಗಳನ್ನು ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದಾನೆ. "ಏಳು ತಿಂಗಳಿಂದ ಇವುಗಳ ಮೇಲೇ ಕೂತು ಊಟ ಮಾಡ್ತಿದೀನಿ ತಂಗಿ. ಹೋಟ್ಲಾಗಿದ್ರೆ ಬಿಲ್ ಕೊಡೋರು, ಇವು ಒಂದಿನಾನೂ ಕೊಟ್ಟಿಲ್ಲ ನೋಡು" ಎಂದ. ನನಗೆ ನಗು ಬಂತು. ಬಹಳ ದಿನಗಳ ಮೇಲೆ.

ಇಲ್ಲಿಯೂ ಅದೇ ಕಥೆ. ಒಂದೂ ಸೇರಲಿಲ್ಲ.

ಚಹಾ ಕುಡಿಯುವಾಗ ಮಾರಪ್ಪ ತಾನಾಗಿ ಹೇಳಿದ. "ಅವತ್ತು ಹತ್ತಕ್ಕೆ ಬರ್ತೀನಿ ಅಂದಿದ್ದ ಸಿದ್ದಣ್ಣ. ಅವ್ನಿಗಂತ ಮಂಡಕ್ಕಿ, ಮೆಣಸಿನ್ಕಾಯಿ ತರ್ಸಿದ್ದೆ. ಹನ್ನೊಂದಾತು, ಹನ್ನೆರಡಾತು. ಇವ್ನು ಮೆಮೊ ಸಿಟ್ಟಿಗೆ ಬರಾಕಿಲ್ಲ ಬಿಡು ಅಂದ್ಕೊಂಡು ನಾನೇ ತಿಂದ್ಬಿಟ್ಟೆ ತಂಗಿ. ತಿಂದು ಕೈ ತೊಳೀತಿದ್ದಾಗ ಫೋನ್ ಬಂತು."

ಮೆಮೊ ವಿಷಯ ಜಗಳೂರಿನ ಅಟೆಂಡರಿಗೂ ಗೊತ್ತಿತ್ತು. ಯಾರು ಹೇಳಿದರು ಎಂದು ಕೇಳಿದೆ. ಕಾರ್ಯದರ್ಶಿಗಳು ಎಲ್ಲ ಶಾಖೆಗೂ ಫೋನ್ ಮಾಡಿ ಹೇಳಿದ್ದರಂತೆ.

ಎಲ್ಲ ಶಾಖೆಗೂ. ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

ಫೆಬ್ರವರಿ 10, ಮಂಗಳವಾರ

ಸಂಜೆ ಆರು. ಇಡೀ ದಿನ ಸಿದ್ದುವಿನ ನೋಟ್‌ಬುಕ್ ಓದಿದೆ. ಒಂದು ವಿಷಯ ಸಿಕ್ಕಿತು.

ಹೊನ್ನಾಳಿಯ ನಾಲ್ಕು ಹೊಸ ಕಂಪ್ಯೂಟರ್ ಇದೇ ಪೆನ್‌ಡ್ರೈವ್‌ನಿಂದ ಹೋದ ಏಪ್ರಿಲ್‌ನಲ್ಲಿ ಒಂದೇ ಸಲಕ್ಕೆ ಸೇರಿದ್ದವು. ಪಕ್ಕದಲ್ಲಿ 'ಚೆನ್ನಾಗಿ ಆಯ್ತು' ಎಂದು ಬರೆದಿದ್ದಾನೆ. ಜೂನ್‌ನಲ್ಲಿ ನ್ಯಾಮತಿಯವು ಸೇರಲಿಲ್ಲ, ಜಗಳೂರಿನವೂ ಸೇರಲಿಲ್ಲ. ಪೆನ್‌ಡ್ರೈವ್ ಅದೇ, ಕೈ ಅದೇ. ಅಂದರೆ ಏಪ್ರಿಲ್‌ಗೂ ಜೂನ್‌ಗೂ ನಡುವೆ ಯಾರೋ ಏನೋ ಮಾಡಿದ್ದಾರೆ.

ಯಾರೆಂದು ನನಗೆ ಗೊತ್ತು. ಜೂನ್ ಮೊದಲ ವಾರ ಗುರುಬಸವರಾಜ್ "ಎಲ್ಲಾ ಕೀಲಿ ನೌಕರರ ಕೈಲಿ ಬೇಡ" ಎಂದು ಸರ್ವರ್‌ನ ಮೇಲಿನ ಅಧಿಕಾರವನ್ನು ಸಿದ್ದುವಿನಿಂದಲೂ ನನ್ನಿಂದಲೂ ತೆಗೆಸಿ ತಾವೊಬ್ಬರೇ ಇಟ್ಟುಕೊಂಡರು. 'ಅನುಮತಿ ಇಲ್ಲ' ಎಂದರೆ ಮತ್ತೇನು? ಅನುಮತಿ ಕಿತ್ತುಕೊಂಡವರೇ ಅನುಮತಿ ಇಲ್ಲದ್ದಕ್ಕೆ ಮೆಮೊ ಕೊಟ್ಟರು.

ಮೆಮೊ ಕೊಟ್ಟ ದಿನ ನಾನು ಅಲ್ಲೇ ಕೂತಿದ್ದೆ. ಸಿದ್ದು ಏನೋ ಹೇಳಲು ಹೋದ. "ಸಾರ್, ಒಂದ್ನಿಮಿಷ" ಎಂದ. ಅವರು ತಲೆ ಎತ್ತದೆ ಹೇಳಿದರು: "ಹೇಳಿದಷ್ಟು ಮಾಡು. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಬೇರೆಯವ್ರನ್ನ ಕೂರಿಸ್ತೀನಿ."

ಅವನು ಹೇಳಲು ಹೊರಟ ಮಾತು ಏನೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಹಸಿವಿಲ್ಲ. ಆದರೂ ಮೈಯಲ್ಲಿ ಏನೋ ಕಸುವು ಬಂದಂತಿದೆ.

ಫೆಬ್ರವರಿ 13, ಶುಕ್ರವಾರ

ದೂರು ಬರೆದು ಅಧ್ಯಕ್ಷ ಶಿವಮೂರ್ತಪ್ಪನವರ ಮನೆಗೇ ಹೋಗಿ ಕೊಟ್ಟೆ. ಅವರು ಅಡಿಕೆ ಮಂಡಿಯಿಂದ ಆಗತಾನೆ ಬಂದಿದ್ದರು. ಎರಡು ಸಲ ಓದಿದರು.

"ಗುರುಬಸವರಾಜ್ ಇಪ್ಪತ್ತೆಂಟು ವರ್ಷದಿಂದ ಅದಾರಮ್ಮ."

"ನನ್ನ ತಮ್ಮ ಮೂವತ್ತೊಂದು ವರ್ಷಕ್ಕೆ ಹೋದ, ಸಾರ್."

ಅವರ ಹೆಂಡತಿ ಬಾಗಿಲಲ್ಲಿ ನಿಂತವರು ಒಳಗೆ ಹೋಗಿಬಿಟ್ಟರು. ಶಿವಮೂರ್ತಪ್ಪ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಇಪ್ಪತ್ತೇಳಕ್ಕೆ ನಿರ್ದೇಶಕರ ಸಭೆ ಇದೆ, ಅಲ್ಲಿ ಇಡುತ್ತೇನೆ, ಅಲ್ಲಿಯವರೆಗೆ ಸರ್ವರ್‌ನ ಮೇಲಿನ ಅಧಿಕಾರ ನಿನಗೆ ಕೊಡಿಸುತ್ತೇನೆ ಎಂದರು.

ಫೆಬ್ರವರಿ 16, ಸೋಮವಾರ

ಸಂಜೆ ಆರೂವರೆ. ನಿನ್ನೆ ಶಿವರಾತ್ರಿ. ಅಮ್ಮ ಉಪವಾಸ ಮಾಡಿದಳು, ನಾನೂ ಮಾಡಿದೆ. ಏನು ಬೇಡಿಕೊಂಡೆ ಎಂದು ಅಮ್ಮ ಕೇಳಿದಳು. ಹೇಳಲಿಲ್ಲ.

ಇವತ್ತು ಗುರುಬಸವರಾಜ್ ನನ್ನ ಮೇಜಿಗೆ ಬಂದು, ಬಗ್ಗಿ, ನನ್ನ ಎದುರಿಗೇ ಪಾಸ್‌ವರ್ಡ್ ಒತ್ತಿ ಅಧಿಕಾರ ಕೊಟ್ಟರು. ಬೆರಳು ತಪ್ಪಿ ಮೂರು ಸಲ ಒತ್ತಬೇಕಾಯಿತು. ನಾನು ಕುರ್ಚಿಯಿಂದ ಏಳಲಿಲ್ಲ.

ಫೈಲಿನಲ್ಲಿ ಹೊಸ ಅಧಿಕಾರದ ಹೆಸರು ಹಾಕಿ ಚೈತ್ರಶ್ರೀಗೆ ಕಳಿಸಿದೆ. ಮೂರು ಗಂಟೆಗೆ ಅವಳ ಫೋನ್ ಬಂತು. ಸೇರಲಿಲ್ಲ.

ಕಾರಣ ಅದಲ್ಲ ಹಾಗಾದರೆ. ದೂರು ಮಾತ್ರ ಕೊಟ್ಟಾಗಿದೆ. ವಾಪಸ್ ತೆಗೆದುಕೊಳ್ಳುವುದಿಲ್ಲ. ಕಾರಣ ಬೇರೆ ಯಾವುದಾದರೂ ಆಗಲಿ, ಮಾಡಿದವರು ಅವರೇ ಆಗಿರುತ್ತಾರೆ.

ಫೆಬ್ರವರಿ 17, ಮಂಗಳವಾರ

ಚೈತ್ರಶ್ರೀ ಇವತ್ತು ನಾಲ್ಕು ಸಲ ಫೋನ್ ಮಾಡಿದಳು. ಕೊನೆಯ ಸಲ, "ಅಕ್ಕಾ, ಒಂದ್ಮಾತು ಹೇಳ್ಲಾ? ಹಳೇ ಕಂಪ್ಯೂಟರ್‌ನಾಗೆ ಟೈಮ್ ಒಂದು ತೋರ್ಸ್ತೈತೆ, ಹೊಸದ್ರಾಗೆ ಇನ್ನೊಂದು ತೋರ್ಸ್ತೈತೆ. ಅದೇನಾದ್ರೂ" ಎಂದು ಶುರು ಮಾಡಿದಳು.

ತಲೆ ಸಿಡಿಯುತ್ತಿತ್ತು. "ಟೈಮ್ ನೋಡಾಕೆ ಕೂರ್ಸಿದೀನಾ ನಿನ್ನ? ಹೇಳಿದಷ್ಟು ಮಾಡು. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಬೇರೆಯವ್ರನ್ನ ಕೂರಿಸ್ತೀನಿ" ಎಂದೆ.

"ಆಯ್ತು ಮೇಡಂ" ಎಂದು ಇಟ್ಟಳು.

ಈಗಿನ ಹುಡುಗಿಯರಿಗೆ ಸ್ವಲ್ಪ ಬಿಗಿ ಇರಬೇಕು. ಇಲ್ಲದಿದ್ದರೆ ಕೆಲಸ ಆಗುವುದಿಲ್ಲ.

ಫೆಬ್ರವರಿ 19, ಗುರುವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಗುರುಬಸವರಾಜ್ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಗ್ರಾಹಕರು ಕೂರುವ ಕುರ್ಚಿ.

"ನೋಡಮ್ಮ ಪುಷ್ಪಾವತಿ. ಮೆಮೊ ನಾನೇ ವಾಪಸ್ ತಗೋತೀನಿ. ಫೈಲಿಂದ ತೆಗ್ದು ಹರಿದು ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ. ನೀನು ಆ ದೂರು ಬಿಡು. ಎರಡು ವರ್ಷಕ್ಕೆ ರಿಟೈರ್ ಆಗ್ತೀನಿ ನಾನು."

"ಯಾರಿಗೂ ಗೊತ್ತಾಗ್ದಂಗೆ ಬೇಡ ಸಾರ್. ಕೊಡುವಾಗ ಎಲ್ಲಾ ಶಾಖೆಗೂ ಫೋನ್ ಮಾಡಿ ಹೇಳಿದ್ರಲ್ಲ, ತೆಗೆಯುವಾಗ್ಲೂ ಹಂಗೇ ತೆಗೀರಿ."

"ಅವ್ನು ಸಾಯ್ಲಿ ಅಂತ ಕೊಟ್ನೇನಮ್ಮ ನಾನು?"

ಡಬ್ಬಿ ತೆಗೆದು ಅವರೆದುರಿಗೇ ಊಟ ಮಾಡಿದೆ. ಅನ್ನ, ಬದನೆಕಾಯಿ ಪಲ್ಯ. ಇವತ್ತು ರುಚಿ ಗೊತ್ತಾಯಿತು. ಅವರು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು. ಪೂರ್ತಿ ಉಂಡೆ.

ಫೆಬ್ರವರಿ 24, ಮಂಗಳವಾರ

ಸಂಜೆ ಏಳೂ ಕಾಲು. ನ್ಯಾಮತಿ. ಸಿಕ್ಕಿತು.

ಸಿದ್ದುವಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಜುಲೈ ಎಂಟರಂದು, 'ಸೇರುವಾಗಿನ ಲಾಗ್ ತೆಗೆದು ಓದಬೇಕು' ಎಂದು ಬರೆದಿದೆ. ಕಂಪ್ಯೂಟರ್ ತಾನು ಮಾಡಿದ್ದನ್ನೆಲ್ಲ ಒಳಗೇ ಬರೆದಿಡುವ ಫೈಲು ಅದು. ಎಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಅಷ್ಟು ಇಂಗ್ಲಿಷ್ ನನಗೆ ಬರುವುದಿಲ್ಲ. ಚೈತ್ರಶ್ರೀಯನ್ನು ಕೂರಿಸಿಕೊಂಡೆ. ಅವಳು ಮಾತಾಡದೆ ಎರಡು ಕೀ ಒಟ್ಟಿಗೆ ಒತ್ತಿ ಕಪ್ಪು ಪರದೆ ತೆರೆದಳು, ಫೈಲು ಹುಡುಕಿದಳು, ಒಂದೊಂದು ಸಾಲೂ ಓದಿ ಕನ್ನಡದಲ್ಲಿ ಹೇಳಿದಳು.

ಕೊನೆಯಲ್ಲಿ ಇತ್ತು. ಈ ಕಂಪ್ಯೂಟರಿನ ಗಡಿಯಾರಕ್ಕೂ ಸರ್ವರ್‌ನ ಗಡಿಯಾರಕ್ಕೂ ಹೊಂದುವುದಿಲ್ಲ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರ್ವರ್ ಹೊಸ ಕಂಪ್ಯೂಟರನ್ನು ಸೇರಿಸಿಕೊಳ್ಳುವುದಿಲ್ಲವಂತೆ, ಕಳ್ಳರಿರಬಹುದೆಂದು. ನಮ್ಮ ಸರ್ವರ್ ಹದಿನೇಳು ನಿಮಿಷ ಹಿಂದಿದೆ. ಹಳೆಯ ಕಂಪ್ಯೂಟರ್‌ಗಳು ಮೊದಲೇ ಸೇರಿದ್ದರಿಂದ ಅದರ ಟೈಮನ್ನೇ ನಂಬಿಕೊಂಡು ನಡೆಯುತ್ತಿವೆ. ಹೊಸವು ಸರಿಯಾದ ಟೈಮ್ ಹಿಡಿದು ಬರುತ್ತವೆ. ಅದಕ್ಕೇ ಹೊರಗೆ.

ಮುಖ್ಯ ಕಚೇರಿಯಲ್ಲಿ ಕಂಪ್ಯೂಟರಿನ ಟೈಮನ್ನು ಯಾರೂ ನಂಬುವುದಿಲ್ಲ. 'ಸಂಘದ ಟೈಮ್' ಎಂದು ನಗುತ್ತಾರೆ. ಬೆಳಿಗ್ಗೆ ಬರುವುದಕ್ಕೆ ಸಂಘದ ಟೈಮ್, ಸಂಜೆ ಹೋಗುವುದಕ್ಕೆ ಮೊಬೈಲ್ ಟೈಮ್.

"ಇದನ್ನೇ ಅವತ್ತು ನಾನು" ಎಂದು ಚೈತ್ರಶ್ರೀ ಅಂದವಳು ಅಲ್ಲಿಗೇ ನಿಲ್ಲಿಸಿದಳು. ಇವತ್ತು ಡಬ್ಬಿ ತೆಗೆದು ಒಬ್ಬಳೇ ಹಿಂದಿನ ಕೋಣೆಯಲ್ಲಿ ಉಂಡಳು. ಕೆಲಸ ಜಾಸ್ತಿ ಇದ್ದಿರಬೇಕು.

ಸರ್ವರ್‌ನ ಗಡಿಯಾರ ಯಾರು ಯಾವತ್ತು ತಿರುಗಿಸಿದರು ಎಂಬುದೂ ಅದರ ಲಾಗ್‌ನಲ್ಲಿ ಹೆಸರು ಸಮೇತ ಇರುತ್ತದಂತೆ. ಹೆಸರು ಸಮೇತ! ಬಸ್ಸಿನಲ್ಲಿ ಬರುವಾಗ ಸಭೆಯಲ್ಲಿ ಅದನ್ನು ಹೇಗೆ ಓದಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಿಧಾನವಾಗಿ ಓದಬೇಕು. ಮೊದಲು ತಾರೀಕು, ಆಮೇಲೆ ಗಂಟೆ, ಕೊನೆಗೆ ಹೆಸರು.

ಫೆಬ್ರವರಿ 25, ಬುಧವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಪ್ರಿಂಟರಿಗೆ ಕಾಗದ ಹಾಕಿಟ್ಟುಕೊಂಡು, ಚೈತ್ರಶ್ರೀ ಹೇಳಿಕೊಟ್ಟಂತೆ ಸರ್ವರ್‌ನ ಲಾಗ್ ತೆರೆದೆ.

2025 ಮೇ 2. ಸಮಯ 10:42 ಇದ್ದದ್ದು 10:25 ಆಗಿದೆ. ಬದಲಿಸಿದವರು: pushpavathi.

ಇನ್ನೊಂದು ಸಲ ಓದಿದೆ. ಹಾಗೇ ಇತ್ತು.

ಆಮೇಲೆ ಎಲ್ಲ ನೆನಪಾಯಿತು. ಮೇ ಎರಡು ಶುಕ್ರವಾರ. ಹೊಸ ಕಟ್ಟಡದ ಪೂಜೆ. ಸರ್ವರ್‌ಗೂ ಕುಂಕುಮ ಹಚ್ಚಿದ್ದೆವು. ಹತ್ತು ಗಂಟೆಗೆ ಬರಬೇಕಿದ್ದ ಅಧ್ಯಕ್ಷರು ಬಂದಾಗ ಹತ್ತೂವರೆ ದಾಟಿ ರಾಹುಕಾಲ ಹಿಡಿದಿತ್ತು. ಗುರುಬಸವರಾಜ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಪುಷ್ಪಾವತಿ, ಟೈಮ್ ಒಂಚೂರು ಹಿಂದಕ್ಕೆ ತಿರುಗ್ಸು. ಮೊದಲ್ನೇ ಎಂಟ್ರಿ ರಾಹುಕಾಲ್ದಾಗೆ ಬೀಳ್ಬಾರ್ದು. ಆಮೇಲೆ ಸರಿ ಮಾಡಿಬಿಡು." ತಿರುಗಿಸಿದೆ. ಅಧ್ಯಕ್ಷರ ಕೈಯಿಂದ ಮೊದಲ ರಸೀದಿ ಬಂತು, ಹತ್ತು ಇಪ್ಪತ್ತೇಳು ಎಂದು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಪ್ರಸಾದ ಹಂಚಲು ಎದ್ದೆ. ಸಿದ್ದು ಅವತ್ತು ಹೊನ್ನಾಳಿಯಲ್ಲಿದ್ದ. ಅವನಿಗೆ ಗೊತ್ತೇ ಇಲ್ಲ. ಅವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೇಳಲಿಲ್ಲ. ಮರೆತೆ.

ಫೆಬ್ರವರಿ 26, ಗುರುವಾರ

ಸಂಜೆ ಐದೂ ಮುಕ್ಕಾಲು. ಗಡಿಯಾರ ಸರಿ ಮಾಡಿದೆ. ಅರ್ಧ ನಿಮಿಷದ ಕೆಲಸ. ಮಧ್ಯಾಹ್ನದ ಹೊತ್ತಿಗೆ ನ್ಯಾಮತಿಯ ಆರೂ ಕಂಪ್ಯೂಟರ್ ಸೇರಿದವು, ಸಿದ್ದುವಿನ ಪೆನ್‌ಡ್ರೈವ್‌ನಿಂದಲೇ. ಅವನು ಬರೆದ ಫೈಲಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಲಾಗ್ ಅಳಿಸುವ ಗುಂಡಿ ಎಲ್ಲಿದೆ ಎಂದು ನೋಡಿದೆ. ಇದೆ. ಅಳಿಸಿದರೆ ಗಡಿಯಾರ ತಪ್ಪಿತ್ತು ಎಂಬುದಷ್ಟೇ ಉಳಿಯುತ್ತದೆ. ಮೇ ತಿಂಗಳಲ್ಲಿ ಅದನ್ನು ತಿರುಗಿಸುವ ಅಧಿಕಾರ ಇದ್ದವರು ಮೂವರು. ಗುರುಬಸವರಾಜ್, ನಾನು, ಸಿದ್ದು. ನಾಳೆ ಸಭೆಯಲ್ಲಿ ಗುರುಬಸವರಾಜ್ ಏನು ಹೇಳುತ್ತಾರೆಂದು ನನಗೆ ಗೊತ್ತು. ಸತ್ತವನ ತಲೆಗೆ ಕಟ್ಟುವುದು ಸುಲಭ, ಅವನು ಎದ್ದು ಬಂದು ಅಲ್ಲವೆನ್ನುವುದಿಲ್ಲ.

ಎರಡು ಪ್ರತಿ ಪ್ರಿಂಟ್ ತೆಗೆದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ಗೊತ್ತಿಲ್ಲ.

ಫೆಬ್ರವರಿ 27, ಶುಕ್ರವಾರ

ಸಂಜೆ ಏಳು. ಮೂರು ಗಂಟೆಗೆ ಸಭೆ. ಏಳು ಜನ ನಿರ್ದೇಶಕರು, ಅಧ್ಯಕ್ಷರು, ಗೋಡೆಯ ಪಕ್ಕ ಗುರುಬಸವರಾಜ್. ಅವರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದಿದ್ದರು.

ನಾನು ಎದ್ದು ಓದಿದೆ. ಅಂದುಕೊಂಡಂತೆಯೇ ನಿಧಾನವಾಗಿ. ತಾರೀಕು, ಗಂಟೆ. ಕೊನೆಗೆ ಹೆಸರು, ನನ್ನದೇ.

ಗುರುಬಸವರಾಜ್ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಅವರಿಗೂ ನೆನಪಾಗಿದೆ ಎಂದು ಆ ಕಣ್ಣಿನಲ್ಲೇ ಗೊತ್ತಾಯಿತು.

ಶಿವಮೂರ್ತಪ್ಪ ಕೇಳಿದರು, "ನೀನಾಗಿ ನೀನೇ ತಿರುಗ್ಸಿದ್ಯಾ? ಯಾರಾದ್ರೂ ಹೇಳಿದ್ರಾ?"

"ಹೇಳಿದೋರು ಈ ಕೋಣೇಲೇ ಅದಾರೆ ಸಾರ್. ಅವರೇ ಹೇಳ್ಲಿ."

ಗುರುಬಸವರಾಜ್ ಲೋಟ ಎತ್ತಿ ನೀರು ಕುಡಿದರು. ಲೋಟ ಕೆಳಗಿಟ್ಟರು. ಅಧ್ಯಕ್ಷರು ಕಾದರು, ನಾನು ಕಾದೆ. ಹೊರಗೆ ಯಾರೋ ಚೀಟಿ ಬರೆಯಲು ಪೆನ್ನು ಕೇಳುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು. ಅವರು ಬಾಯಿ ಬಿಡಲಿಲ್ಲ.

ಬಿಡದೇ ಇರಲಿ ಎಂದು ನಾನು ಬಯಸುತ್ತಿದ್ದೆ.

ನಿರ್ಣಯ ಬರೆದರು. ಸಿದ್ದುವಿನ ಮೇಲಿನ ಮೆಮೊ ರದ್ದು. ಅವನ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲವೆಂದು ನಾಲ್ಕೂ ಕಡೆಯ ಕಚೇರಿಗಳಿಗೆ ಪತ್ರ. ನನಗೆ ಮೆಮೊ. ಎರಡನ್ನೂ ನಾನೇ ಟೈಪ್ ಮಾಡಿದೆ. ನನ್ನದರಲ್ಲಿ ಬರೀ 'ನಿರ್ಲಕ್ಷ್ಯ' ಎಂದು ಹೇಳಿದ್ದರು, 'ಹಾಗೂ ಅಸಮರ್ಥತೆ' ಎಂದು ನಾನು ಸೇರಿಸಿದೆ. ಸಹಿಗೆ ತೆಗೆದುಕೊಂಡು ಹೋದಾಗ ಗುರುಬಸವರಾಜ್ ಅದನ್ನು ಓದಲೇ ಇಲ್ಲ.

"ಯಾಕಮ್ಮ ನನ್ನ ಹೆಸ್ರು ಹೇಳ್ಲಿಲ್ಲ ನೀನು?"

"ನೀವು ಹೇಳ್ತೀರೇನೋ ಅಂತ ಕಾದೆ ಸಾರ್."

"ಈಗ ಹೋಗಿ ಹೇಳ್ಲಾ? ಅಧ್ಯಕ್ಷರು ಇನ್ನೂ ಕೆಳಗೇ ಅದಾರೆ."

"ನಿಮ್ಮಿಷ್ಟ."

ಅವರು ಪೆನ್ನು ಹಿಡಿದುಕೊಂಡೇ ಕೂತರು. ಕೆಳಗೆ ಕಾರು ಹೊರಟ ಸದ್ದು ಕೇಳಿಸಿತು. ಆಮೇಲೆ ಸಹಿ ಹಾಕಿದರು.

ಅವರಿಗೆ ಇನ್ನೂ ಎರಡು ವರ್ಷ ಸರ್ವಿಸ್ ಇದೆ. ನನ್ನ ಮೇಜು ಅವರ ಬಾಗಿಲಿಗೆ ನೇರ ಎದುರು. ನಾನು ಬೇರೆ ಕಡೆ ಮೇಜು ಕೇಳುವುದಿಲ್ಲ. ದಿನಾ ಬೆಳಿಗ್ಗೆ ಅವರು ನನ್ನ ಮುಖ ನೋಡಿ ಒಳಗೆ ಹೋಗಬೇಕು. ನಾನೂ ಅವರದನ್ನು ನೋಡಬೇಕು. ಅದೂ ಇರಲಿ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮೊದಲು ಸಿದ್ದುವಿನ ಮೆಮೊ ರದ್ದಾದದ್ದು, ಆಮೇಲೆ ಉಳಿದದ್ದು. ಅಮ್ಮ ಸೊಪ್ಪು ಸೋಸುತ್ತಿದ್ದಳು. ಸೋಸಿ ಮುಗಿಸಿ ಎದ್ದು ಹೋದಳು.

ಚೈತ್ರಶ್ರೀಗೆ ಫೋನ್ ಮಾಡಿ, ಅವತ್ತು ನೀನು ಹೇಳಿದ್ದೇ ಸರಿ ಇತ್ತು ಎಂದೆ. "ಪರವಾಗಿಲ್ಲ ಮೇಡಂ" ಎಂದಳು. ಮೊದಲು ಅವಳು ನನ್ನನ್ನು ಬೇರೆ ಏನೋ ಕರೆಯುತ್ತಿದ್ದಳು.

ನಾಳೆ ನಾಲ್ಕನೇ ಶನಿವಾರ, ಕಚೇರಿಗೆ ರಜೆ. ಜಗಳೂರಿನ ಒಂಬತ್ತು ಕಂಪ್ಯೂಟರ್ ಬಾಕಿ ಇವೆ. ಬರುತ್ತೇನೆ ಎಂದಿದ್ದೇನೆ, ಮಾರಪ್ಪ ಹತ್ತು ಗಂಟೆಗೆ ಬಾಗಿಲು ತೆಗೆಯುತ್ತಾನೆ.